ಹತ್ತಿ ಮಿಲ್ಲಿನ ಹೆಣ್ಣುಮಕ್ಕಳ ಹೆಸರು ಎಲ್ಲಿ ಬರೆದಿದೆ?

ಹೋದ ವಾರ ಊರಿಗೆ ಹೋಗಿದ್ದೆ. ಹತ್ತಿ ಮಿಲ್ಲಿನ ಕಾಂಪೌಂಡಿನಲ್ಲಿ ಜೆಸಿಬಿ ನಿಂತಿತ್ತು. ಸೈಟು ಮಾಡ್ತಾರಂತೆ. ಮಾಡಲಿ, ಅದು ಅವರ ಜಾಗ. ನನಗೆ ಸಂಕಟ ಆಗಿದ್ದು ಬೇರೆ ಮಾತಿಗೆ. ಪಕ್ಕದಲ್ಲಿ ನಿಂತಿದ್ದ ಹುಡುಗ "ಅಣ್ಣಾ, ಇಲ್ಲಿ ಮೊದಲು ಏನಿತ್ತು?" ಅಂತ ಕೇಳಿದ. ಅವನ ಅಜ್ಜಿ ಇದೇ ಗೇಟಿನೊಳಗೆ ಇಪ್ಪತ್ತು ವರ್ಷ ದುಡಿದಾಕೆ.

ನಮ್ಮ ರಾಯಚೂರು ಜಿಲ್ಲೆಯವರಿಗೆ ಇತಿಹಾಸ ಅಂದ್ರೆ ಬಹಳ ಹೆಮ್ಮೆ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದನ್ನು ಶಾಲೆ ಮಕ್ಕಳೂ ಹೇಳುತ್ತಾರೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದು ಭಾಷಣಗಳಲ್ಲಿ ತಪ್ಪದೆ ಬರುತ್ತದೆ. ಅದೆಲ್ಲ ಬೇಕು. ಆದರೆ ನಮ್ಮೂರಿಗೆ ಅಷ್ಟು ವರ್ಷ ಅನ್ನ ಹಾಕಿದ ಮಿಲ್ಲಿನ ಬಗ್ಗೆ ಒಂದು ಸಾಲೂ ಎಲ್ಲೂ ಇಲ್ಲ. ಇದು ತಪ್ಪು ಅಲ್ವಾ?

ಮಿಲ್ಲು ಸುಮ್ನೆ ಬಂದದ್ದಲ್ಲ. 1871ರಲ್ಲಿ ಬೊಂಬಾಯಿ ಕಡೆಯ ರೈಲು, ಮದ್ರಾಸ್ ಕಡೆಯ ರೈಲು ಎರಡೂ ರಾಯಚೂರಲ್ಲಿ ಬಂದು ಕೂಡಿದವು. ನಮ್ಮ ಎರೆ ಹೊಲದ ಹತ್ತಿಗೆ ದೂರದ ದಾರಿ ತೆರೆಯಿತು. ನೂರು ಕಿಲೋ ಹತ್ತಿಯಿಂದ ಕಾಳು ಬೇರೆ ಮಾಡಿದರೆ ಅರಳೆ ಸಿಗುವುದು ಸುಮಾರು 33ರಿಂದ 35 ಕಿಲೋ. ಉಳಿದದ್ದು ಹೆಚ್ಚುಕಡಿಮೆ ಎಲ್ಲಾ ಕಾಳು. ಅಷ್ಟೊಂದು ಕಾಳಿಗೂ ಬಾಡಿಗೆ ಕೊಟ್ಟು ಯಾರು ಸಾಗಿಸ್ತಾರೆ? ಅದಕ್ಕೇ ಹತ್ತಿ ಬೆಳೆಯುವ ಕಡೆಯೇ ಜಿನ್ನುಗಳು, ಅಂದ್ರೆ ಕಾಳು ಬಿಡಿಸುವ ನಮ್ಮೂರಿನಂಥ ಮಿಲ್ಲುಗಳು, ಎದ್ದವು.

ನಮ್ಮ ಅಜ್ಜಿ ಅಲ್ಲೇ ಕೆಲಸಕ್ಕಿದ್ದರು. ಸಂಕ್ರಾಂತಿ ಮುಗಿದ ಮೇಲೆ ಶುರುವಾದರೆ ಯುಗಾದಿ ದಾಟಿ ಬಿಸಿಲು ಏರುವವರೆಗೂ ಕೆಲಸ. ಸಾಲಾಗಿ ಮಷೀನುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಣ್ಣುಮಗಳು. ಎರಡು ತೊಗಲಿನ ರೋಲರುಗಳು ತಿರುಗುತ್ತಾ ಎಳೆ ಜಗ್ಗುತ್ತವೆ, ಅಲ್ಲೇ ಒತ್ತಿಕೊಂಡಿರುವ ಚಾಕು ಕಾಳನ್ನು ತಡೆಯುತ್ತದೆ. ಕಾಳು ಕೆಳಗೆ ಉದುರುತ್ತದೆ. ಹತ್ತಿಯನ್ನು ಒಂದೇ ಸಮ ಹಾಕುತ್ತಿರಬೇಕು, ಜಾಸ್ತಿಯಾದರೆ ಸಿಕ್ಕಿಹಾಕಿಕೊಳ್ಳುತ್ತದೆ. ಕೈ ಒಂಚೂರು ಮುಂದೆ ಹೋದರೆ ಬೆರಳು ಹೋಯಿತು. ಸದ್ದಿಗೆ ಪಕ್ಕದವಳ ಮಾತೂ ಕೇಳುತ್ತಿರಲಿಲ್ಲವಂತೆ. ಸನ್ನೆಯಲ್ಲೇ ಮಾತು.

ಅಜ್ಜಿ ಚಿಟಿಕೆ ಅರಳೆ ತಗೊಂಡು, ಎರಡು ಹೆಬ್ಬೆರಳ ನಡುವೆ ಜಗ್ಗಿ, ಎಳೆ ಎಷ್ಟುದ್ದ ಅಂತ ನೋಡಿ ಮಾಲಿನ ಗುಣ ಹೇಳುತ್ತಿದ್ದರು. ಅಡತಿ ಅಂಗಡಿಯವರು ಅದೇ ಕೆಲಸಕ್ಕೆ ಗಾದಿ ಮೇಲೆ ಕೂತಿರುತ್ತಿದ್ದರು. ಅಜ್ಜಿಗೆ ಸಿಗುತ್ತಿದ್ದುದು ಗಂಡಸರಿಗಿಂತ ಕಡಿಮೆ ಕೂಲಿ. ಸಂಜೆ ಮನೆಗೆ ಬಂದಾಗ ತಲೆ, ಹುಬ್ಬು ಎಲ್ಲಾ ಬೆಳ್ಳಗೆ. ಸೆರಗು ಕೊಡವಿದರೆ ಉದುರುವ ಅರಳೆಯನ್ನೂ ಬಿಡದೆ ಆರಿಸಿ ದೇವರಿಗೆ ಬತ್ತಿ ಹೊಸೆಯುತ್ತಿದ್ದರು. ನಾನು ಓದಿದ್ದು ಆ ದೀಪ ಉರಿಯುತ್ತಿದ್ದ ಪಡಸಾಲೆಯಲ್ಲೇ. ಅವರ ಕೆಮ್ಮು ಮಾತ್ರ ಕಡೆಯವರೆಗೂ ಹೋಗಲಿಲ್ಲ.

ಆಮೇಲೆ ಕಾಲ ಬದಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂತು. ಸಿಂಧನೂರು, ಮಾನ್ವಿ ಕಡೆ ಹತ್ತಿ, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದವು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಬಂದವು. 2002ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಪರವಾನಗಿ ಸಿಕ್ಕಿತು, ಹತ್ತಿ ಮತ್ತೆ ಹೆಚ್ಚಾಯಿತು. ಆದರೆ ಆ ಹೊತ್ತಿಗೆ ಬಂಡಿ ಹೋಗಿ ಲಾರಿ ಬಂದಿತ್ತು. ಮಾಲು ನೇರ ರಾಯಚೂರು ಎಪಿಎಂಸಿಗೆ. ನಮ್ಮಂಥ ಸಣ್ಣ ಊರಿನ ಮಿಲ್ಲಿಗೆ ಯಾರು ಬರ್ತಾರೆ?

ಚರಿತ್ರೆ ಅಂದ್ರೆ ಗೆದ್ದವರದ್ದು ಮಾತ್ರ ಅಂತ ನಾನು ಒಪ್ಪುವುದಿಲ್ಲ. ಮಾಲೀಕರ ಹೆಸರು ಗೇಟಿನ ಕಮಾನಿನ ಮೇಲೆ ಇನ್ನೂ ಇದೆ. ಒಳಗೆ ನಿಂತವರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಆ ಪುಸ್ತಕ ರದ್ದಿಗೆ ಹೋಯಿತೋ, ಯಾರದಾದರೂ ಅಟ್ಟದ ಮೇಲಿದೆಯೋ.

ಭಾನುವಾರ ಓಣಿಯಲ್ಲಿ ಕೂತು ಮಿಲ್ಲಿನಲ್ಲಿ ದುಡಿದವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಬ್ಬ ಅಜ್ಜಿ "ನಮ್ಮ ಹೆಸರು ಬರ್ಕೊಂಡು ಏನ್ ಮಾಡ್ತೀಯಪ್ಪಾ?" ಅಂತ ನಕ್ಕರು. ಆಮೇಲೆ ತಾವೇ ಬೆರಳು ಮಡಚಿ ಎಣಿಸಿದರು. ಹದಿನಾಲ್ಕು ಹೆಸರು. ಹದಿನೈದನೆಯದು ನೆನಪಾಗದೆ ಬಹಳ ಹೊತ್ತು ಸುಮ್ಮನೆ ಕೂತರು. ಅದು ಮೂರನೇ ಮಷೀನಿನವಳ ಹೆಸರು. ನಮ್ಮೂರವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಹಿರಿಯರನ್ನು ಒಂದು ಮಾತು ಕೇಳಿ ತಿಳಿಸಿ.