ಚಿಕ್ಕವನಿಗೆ ಬೇರೆ ವಿಭಾಗ ಬೇಡ, ಒಳ್ಳೆ ರೆಫರಿ ಸಾಕು

2024ರ ಡಿಸೆಂಬರ್ 21, ರಿಯಾದ್. ಹೆವಿವೇಟ್, ಅಂದರೆ ಅತಿ ಭಾರದ ವಿಭಾಗದ ಬಾಕ್ಸಿಂಗ್ ಪಂದ್ಯ. ಹಿಂದಿನ ದಿನ ತೂಕ ನೋಡಿದಾಗ ಬ್ರಿಟನ್ನಿನ ಟೈಸನ್ ಫ್ಯೂರಿ 281 ಪೌಂಡ್ ತೂಗಿದ್ದ. ಅಂದರೆ ಸುಮಾರು 127 ಕೆಜಿ. ಎತ್ತರ ಆರಡಿ ಒಂಬತ್ತು ಇಂಚು. ಎದುರಿಗಿದ್ದ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 226 ಪೌಂಡ್, ಆರಡಿ ಮೂರು ಇಂಚು. ಇಬ್ಬರ ನಡುವೆ 25 ಕೆಜಿ ವ್ಯತ್ಯಾಸ. ಹನ್ನೆರಡು ರೌಂಡ್ ಮುಗಿದಾಗ ಮೂವರು ತೀರ್ಪುಗಾರರೂ 116-112 ಅಂತ ಉಸಿಕ್‌ಗೆ ಬರೆದಿದ್ದರು. ಅದೇ ವರ್ಷದ ಮೇ ತಿಂಗಳಲ್ಲೂ ಗೆದ್ದವನು ಅವನೇ.

ಇಷ್ಟಾದ ಮೇಲೂ ಬಾಕ್ಸಿಂಗ್ ಮಾತು ಬಂದಾಗಲೆಲ್ಲ ಅದೇ ಪ್ರಶ್ನೆ ಏಳುತ್ತದೆ. ಚಿಕ್ಕ ಮೈಯವನು ಈಗಿನ ದೈತ್ಯ ಹೆವಿವೇಟ್‌ಗಳ ಎದುರು ನಿಲ್ಲೋಕಾಗುತ್ತಾ? ಅವರಿಗೆ ಬೇರೆಯದೇ ವಿಭಾಗ ಮಾಡಿಕೊಟ್ಟರೆ ಒಳ್ಳೆಯದಲ್ವಾ? ನನ್ನ ಪ್ರಕಾರ ನಿಲ್ಲೋಕೂ ಆಗುತ್ತೆ, ಗೆಲ್ಲೋಕೂ ಆಗುತ್ತೆ. ಬೇರೆ ವಿಭಾಗ ಬೇಡವೇ ಬೇಡ. ಅವರಿಗೆ ಸಿಗಬೇಕಾದದ್ದು ಬೇರೆ ಇದೆ. ಅದು ಸಿಗುತ್ತಿಲ್ಲ ಅನ್ನೋದೇ ನನ್ನ ತಕರಾರು.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಉಳಿದೆಲ್ಲ ವಿಭಾಗಕ್ಕೂ ಮೇಲಿನ ಮಿತಿ ಇದೆ. ಹೆವಿವೇಟ್‌ಗೆ ಮಾತ್ರ ಇಲ್ಲ. ಕ್ರೂಸರ್‌ವೇಟ್ 200 ಪೌಂಡ್‌ಗೆ, ಅಂದರೆ 90.7 ಕೆಜಿಗೆ ಮುಗಿಯುತ್ತದೆ. ಅದರಾಚೆ 91 ಕೆಜಿಯವನೂ ಹೆವಿವೇಟೇ, 140 ಕೆಜಿಯವನೂ ಹೆವಿವೇಟೇ. ಹಾಗಾಗಿ ಈ ಜಗಳ ಹೊಸದೇನಲ್ಲ. 1919ರ ಜುಲೈ 4ರಂದು ಅಮೆರಿಕದ ಟೊಲೀಡೊದಲ್ಲಿ 187 ಪೌಂಡಿನ ಜ್ಯಾಕ್ ಡೆಂಪ್ಸಿ 245 ಪೌಂಡಿನ ಜೆಸ್ ವಿಲಾರ್ಡ್‌ನನ್ನು ಮೊದಲ ರೌಂಡ್‌ನಲ್ಲೇ ಏಳು ಸಲ ಕೆಡವಿದ. 1935ರಲ್ಲಿ ಜೋ ಲೂಯಿಸ್ 260 ಪೌಂಡಿನ ಪ್ರೀಮೊ ಕಾರ್ನೆರಾನನ್ನು ಆರನೇ ರೌಂಡ್‌ನಲ್ಲಿ ಮುಗಿಸಿದ. ಡೆಂಪ್ಸಿ, ಆಗಿನ ಲೂಯಿಸ್, 49ಕ್ಕೆ 49 ಗೆದ್ದು ನಿವೃತ್ತನಾದ ರಾಕಿ ಮಾರ್ಸಿಯಾನೊ, ಮೂವರನ್ನೂ ಇವತ್ತಿನ ತಕ್ಕಡಿಗೆ ಹತ್ತಿಸಿದರೆ ಕ್ರೂಸರ್‌ವೇಟ್‌ನಲ್ಲೇ ಉಳಿಯುತ್ತಾರೆ.

ಆದರೆ ಈ ಹಳೇ ಉದಾಹರಣೆಗಳನ್ನೇ ಹಿಡಿದುಕೊಂಡು ಗಾತ್ರಕ್ಕೆ ಬೆಲೆಯೇ ಇಲ್ಲ ಅಂದರೆ ನಾನು ಒಪ್ಪಲ್ಲ. ಆಗಿನ ದೈತ್ಯರಲ್ಲಿ ಹೆಚ್ಚಿನವರು ಬರೀ ದೈತ್ಯರು. ಕಾಲು ನಿಧಾನ, ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಸಡಿಲ. ಈಗಿನ ದೊಡ್ಡವರಿಗೆ ಬಾಕ್ಸಿಂಗ್ ಬರುತ್ತೆ. ಆ ವ್ಯತ್ಯಾಸ ನೋಡಬೇಕೆಂದರೆ ಡೇವಿಡ್ ಹೇ ಆಡಿದ ಎರಡು ಪಂದ್ಯ ಸಾಕು. 2009ರ ನವೆಂಬರ್‌ನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅವನು ಏಳಡಿಯ ನಿಕೊಲಾಯ್ ವಲುಯೆವ್‌ನನ್ನು ಸೋಲಿಸಿದ. ಇಬ್ಬರ ನಡುವೆ ಹತ್ತಿರ ಹತ್ತಿರ 45 ಕೆಜಿ ವ್ಯತ್ಯಾಸ. ಹೇ ರಾತ್ರಿಯಿಡೀ ಸುತ್ತ ಓಡಾಡಿದ, ಸಮಯ ನೋಡಿ ಒಳಗೆ ನುಗ್ಗಿ ಹೊಡೆದ, ಹೊರಗೆ ಬಂದ. ವಲುಯೆವ್ ಗಾಳಿಗೆ ಹೊಡೆಯುತ್ತಾ ಅವನ ಹಿಂದೆ ತಿರುಗಿದ, ಅಷ್ಟೇ. 2011ರ ಜುಲೈನಲ್ಲಿ ಅದೇ ಹೇ, ಅದೇ ಉಪಾಯ, ಹ್ಯಾಂಬರ್ಗ್‌ನಲ್ಲಿ ವ್ಲಾದಿಮಿರ್ ಕ್ಲಿಚ್ಕೊ ಎದುರು. ಕ್ಲಿಚ್ಕೊ ವಲುಯೆವ್‌ಗಿಂತ ಎಷ್ಟೋ ಹಗುರ, ಎಷ್ಟೋ ಗಿಡ್ಡ. ಆದರೆ ಆ ಉದ್ದನೆಯ ಎಡಗೈ ಸರಿಯಾದ ಹೊತ್ತಿಗೆ ಮುಂದೆ ಬರುತ್ತಿತ್ತು. ಹೇ ಒಂದು ದೊಡ್ಡ ಬಲಗೈ ಏಟಿಗಾಗಿ ಕಾದ, ಕಾದ, ಹನ್ನೆರಡು ರೌಂಡ್ ಕಾದೇ ಕಳೆದ. ಮೂವರ ತೀರ್ಪೂ ಕ್ಲಿಚ್ಕೊ ಕಡೆಗೇ ಹೋಯಿತು.

ಅಲ್ಲಿ ಡೇವಿಡ್ ಹೇ ಕೈಯಲ್ಲಿ ಆಗದ ಕೆಲಸವನ್ನು ಹತ್ತು ವರ್ಷದ ನಂತರ ಉಸಿಕ್ ಮಾಡಿದ. ಅವನೂ ಕ್ರೂಸರ್‌ವೇಟ್‌ನಿಂದಲೇ ಮೇಲೆ ಬಂದವನು. 2018ರಲ್ಲಿ ಮಾಸ್ಕೋದಲ್ಲಿ ಮುರಾತ್ ಗಾಸಿಯೆವ್‌ನನ್ನು ಸೋಲಿಸಿ ಆ ವಿಭಾಗದಲ್ಲಿ ನಾಲ್ಕು ಸಂಸ್ಥೆಗಳು ಕೊಡುವ ನಾಲ್ಕೂ ಚಾಂಪಿಯನ್ ಬೆಲ್ಟ್ ಕಟ್ಟಿಕೊಂಡಿದ್ದ. 2021ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ಟಾಟನ್‌ಹ್ಯಾಮ್ ಕ್ರೀಡಾಂಗಣದಲ್ಲಿ ಆಂಥನಿ ಜೋಶುವಾನನ್ನು ಅವನ ಊರಿನಲ್ಲೇ, ಅವನ ಜನರ ಮುಂದೆಯೇ ಸೋಲಿಸಿದ.

ಉಸಿಕ್‌ನ ಪಂದ್ಯ ನೋಡುವಾಗ ಕೈ ಬಿಟ್ಟು ಕಾಲು ನೋಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಅವನು ಸೌತ್‌ಪಾ. ಬಲಗಾಲು ಮುಂದೆ, ಬಲಗೈ ಮುಂದೆ. ಎದುರಿನವನ ಎಡಗಾಲಿನ ಹೊರಮಗ್ಗುಲಿಗೆ ತನ್ನ ಬಲಗಾಲು ಇಡೋಕೆ ಪ್ರತಿ ಸೆಕೆಂಡೂ ಹುಡುಕುತ್ತಾ ಇರುತ್ತಾನೆ. ಅಲ್ಲಿ ಕಾಲು ಬಿತ್ತು ಅಂದರೆ ಅವನ ಎಡಗೈಗೆ ನೇರ ದಾರಿ. ಮುಂದಿನ ಬಲಗೈಯಿಂದ ಎದುರಿನವನ ಜ್ಯಾಬ್ ಕೈಯನ್ನು ತಟ್ಟುತ್ತಲೇ ಇರುತ್ತಾನೆ. ಅದರಲ್ಲಿ ನೋವು ಕೊಡುವ ಏಟು ಕಡಿಮೆ. ಆದರೆ ಫ್ಯೂರಿಯ ತೋಳು ಅವನಿಗಿಂತ ಏಳು ಇಂಚು ಉದ್ದ. ಆ ಉದ್ದನೆಯ ಕೈ ಪೂರ್ತಿ ಚಾಚದ ಹಾಗೆ ನೋಡಿಕೊಂಡರೆ ಏಳು ಇಂಚಿನ ಲಾಭ ಅರ್ಧ ಹೋದ ಹಾಗೆ. ಇದರ ಜೊತೆಗೆ ಭುಜ ಅಲ್ಲಾಡಿಸೋದು, ತಲೆ ತಗ್ಗಿಸೋದು, ಒಂದು ಹೆಜ್ಜೆ ಒಳಗೆ ಇಟ್ಟು ಹಿಂದೆ ಬರೋದು. ಪ್ರತಿ ಸಲ ದೊಡ್ಡವನು ಉತ್ತರ ಕೊಡಲೇಬೇಕು. 120 ಕೆಜಿ ಮೈಯನ್ನು ತಿರುಗಿಸಬೇಕು, ಕಾಲು ಬದಲಿಸಬೇಕು, ಮತ್ತೆ ನೆಲೆ ನಿಲ್ಲಬೇಕು. ಹೀಗೆ ಮೂವತ್ತಾರು ನಿಮಿಷ. ಚಿಕ್ಕವನ ನಿಜವಾದ ಆಯುಧ ಇದೇ. ದೊಡ್ಡವನಿಗೆ ಅವನ ಸ್ವಂತ ತೂಕವನ್ನೇ ಹೊರಿಸೋದು.

2024ರ ಮೇ 18ರ ಮೊದಲ ಪಂದ್ಯದಲ್ಲಿ ಇದೆಲ್ಲ ಕಣ್ಣಿಗೆ ಕಾಣುವಂತೆ ನಡೆಯಿತು. ನಮ್ಮಲ್ಲಿ ಬೆಳಗಿನ ಜಾವ. ನಡುವಿನ ರೌಂಡ್‌ಗಳಲ್ಲಿ ಫ್ಯೂರಿಯದೇ ಮೇಲುಗೈ. ಕೈ ಕೆಳಗಿಟ್ಟುಕೊಂಡು ಆಟ ಆಡಿಸುತ್ತಿದ್ದ. ಆರನೇ ರೌಂಡ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಬರುವ ಅವನ ಅಪ್ಪರ್‌ಕಟ್ ಏಟುಗಳಿಗೆ ಉಸಿಕ್ ತತ್ತರಿಸಿದ. ಕಥೆ ಮುಗೀತು ಅಂದುಕೊಂಡವರೇ ಜಾಸ್ತಿ. ಆದರೆ ಉಸಿಕ್ ಹೆಜ್ಜೆ ನಿಲ್ಲಿಸಲಿಲ್ಲ. ಎಂಟನೇ ರೌಂಡ್‌ನಲ್ಲಿ ಅವನ ಎಡಗೈ ಫ್ಯೂರಿಯ ಮುಖಕ್ಕೆ ಸಿಗೋಕೆ ಶುರುವಾಯಿತು. ಒಂಬತ್ತನೇ ರೌಂಡ್‌ನಲ್ಲಿ ಒಂದು ಎಡಗೈ ಏಟಿಗೆ ಫ್ಯೂರಿಯ ಕಾಲು ಸೋತವು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೂರಾಡಿಕೊಂಡು ಹೋದ. ಹಗ್ಗ ಇಲ್ಲದಿದ್ದರೆ ನೆಲಕ್ಕೇ ಬೀಳುತ್ತಿದ್ದ. ರೆಫರಿ ಅದನ್ನು ಬಿದ್ದಂತೆಯೇ ಲೆಕ್ಕ ಹಿಡಿದು ಎಣಿಸಿದ, ಅಷ್ಟರಲ್ಲಿ ಗಂಟೆ ಬಾರಿಸಿತು. ಕೊನೆಗೆ ತೀರ್ಪು 2-1ರಲ್ಲಿ ಉಸಿಕ್ ಕಡೆಗೆ. 1999ರ ಲೆನಾಕ್ಸ್ ಲೂಯಿಸ್ ನಂತರ ಹೆವಿವೇಟ್‌ಗೆ ಸಿಕ್ಕ ಮೊದಲ ನಿರ್ವಿವಾದ ಚಾಂಪಿಯನ್, ಅಂದರೆ ಎಲ್ಲ ಮುಖ್ಯ ಬೆಲ್ಟ್ ಒಟ್ಟಿಗೆ ಹಿಡಿದವನು, ಅವನು. ಕ್ರೂಸರ್‌ವೇಟ್‌ನಿಂದ ಬಂದವನು!

ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು, ಅದನ್ನೂ ಹೇಳಬೇಕು. ದೊಡ್ಡವನಿಗೆ ಹತ್ತು ತಪ್ಪು ಮಾಡೋಕೆ ಅವಕಾಶ ಇದೆ, ಚಿಕ್ಕವನಿಗೆ ಒಂದಕ್ಕೂ ಇಲ್ಲ. 1941ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬಿಲ್ಲಿ ಕಾನ್ ಅನ್ನೋ ಲೈಟ್ ಹೆವಿವೇಟ್, ಅಂದರೆ ಕೆಳಗಿನ ವಿಭಾಗದವನು, ಜೋ ಲೂಯಿಸ್ ಎದುರು ನಿಂತ. ಹನ್ನೆರಡು ರೌಂಡ್ ಮುಗಿದಾಗ ಇಬ್ಬರ ಕಾರ್ಡ್‌ನಲ್ಲಿ ಕಾನ್ ಮುಂದಿದ್ದ, ಮೂರನೆಯದರಲ್ಲಿ ಸಮ. ಆಗ ಪಂದ್ಯ ಹದಿನೈದು ರೌಂಡ್, ಉಳಿದದ್ದು ಮೂರೇ. ಸುಮ್ನೆ ಓಡಾಡಿಕೊಂಡಿದ್ದರೂ ಸಾಕಿತ್ತು. ಲೂಯಿಸ್‌ನನ್ನು ಕೆಡವಿಯೇ ತೀರುತ್ತೇನೆ ಅಂತ ಹದಿಮೂರನೇ ರೌಂಡ್‌ನಲ್ಲಿ ನಿಂತು ಹೊಡೆದಾಡಿದ. ರೌಂಡ್ ಮುಗಿಯೋಕೆ ಎರಡು ಸೆಕೆಂಡ್ ಇದ್ದಾಗ ಅವನ ಹತ್ತು ಎಣಿಕೆ ಮುಗಿದಿತ್ತು. ಇನ್ನು ರಾಯ್ ಜೋನ್ಸ್. 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ, 226 ಪೌಂಡಿನ ಜಾನ್ ರುಯಿಜ್‌ನನ್ನು ಸಲೀಸಾಗಿ ಸೋಲಿಸಿದ. ಎಷ್ಟೋ ಹಗುರದ ಮಿಡಲ್‌ವೇಟ್ ವಿಭಾಗದಲ್ಲಿ ಚಾಂಪಿಯನ್ ಆಗಿದ್ದವನು ಹೆವಿವೇಟ್ ಬೆಲ್ಟ್ ಗೆದ್ದದ್ದು ಎಷ್ಟು ದೊಡ್ಡ ಮಾತು! ಆದರೆ ಆಮೇಲೆ ಮತ್ತೆ ತೂಕ ಇಳಿಸಿಕೊಂಡು ಲೈಟ್ ಹೆವಿವೇಟ್‌ಗೆ ಹೋದ. 2004ರ ಮೇ ತಿಂಗಳಲ್ಲಿ ಆಂಟೋನಿಯೊ ಟಾರ್ವರ್ ಎರಡನೇ ರೌಂಡ್‌ನಲ್ಲೇ ಅವನನ್ನು ಮಲಗಿಸಿದ. ಮೈಯನ್ನು ಹಾಗೆ ಏರಿಸಿ ಇಳಿಸಿದ್ದಕ್ಕೇ ಅವನು ಮೊದಲಿನಂತಾಗಲಿಲ್ಲ ಅನ್ನೋದು ನನ್ನ ನಂಬಿಕೆ. ಉಸಿಕ್ ಮೇಲೆ ಬಂದವನು ಮತ್ತೆ ಕೆಳಗೆ ಇಳಿಯಲಿಲ್ಲ. ಅಲ್ಲೇ ತನ್ನ ಮೈ ಕಟ್ಟಿಕೊಂಡ.

ಈಗ ನನ್ನ ತಕರಾರಿಗೆ ಬರ್ತೀನಿ. ಚಿಕ್ಕವನಿಗೆ ನಿಜವಾದ ಅನ್ಯಾಯ ಆಗೋದು ಏಟಿನಲ್ಲಿ ಅಲ್ಲ, ಕ್ಲಿಂಚ್‌ನಲ್ಲಿ. ಇಬ್ಬರೂ ತಬ್ಬಿಕೊಂಡಾಗ ದೊಡ್ಡವನು ತೋಳನ್ನು ಚಿಕ್ಕವನ ಕತ್ತಿನ ಮೇಲೆ ಹಾಕಿ ಇಡೀ ಭಾರ ಬಿಡುತ್ತಾನೆ. ಒಂದು ಸಲ ಅಲ್ಲ, ರೌಂಡಿಗೆ ಏಳೆಂಟು ಸಲ. 25 ಕೆಜಿ ಅಕ್ಕಿ ಮೂಟೆಯನ್ನು ಕತ್ತಿನ ಮೇಲೆ ಹೊತ್ತುಕೊಂಡು ಬಸ್ಕಿ ಹೊಡೆದಂತೆ. ನಾಲ್ಕು ರೌಂಡ್‌ಗೆ ತೊಡೆ ಸೋಲುತ್ತದೆ. ಕಾಲು ಸೋತರೆ ಚಿಕ್ಕವನ ಹತ್ತಿರ ಇನ್ನೇನು ಉಳಿಯಿತು?

ಇದನ್ನು ನೋಡಿ ನನಗೆ ಸಿಟ್ಟು ಬಂದದ್ದು 2013ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ನಡೆದ ಕ್ಲಿಚ್ಕೊ-ಪೊವೆಟ್ಕಿನ್ ಪಂದ್ಯದಲ್ಲಿ. ಅಲೆಕ್ಸಾಂಡರ್ ಪೊವೆಟ್ಕಿನ್ ಆರಡಿ ಎರಡು ಇಂಚು, ಕ್ಲಿಚ್ಕೊ ಅವನಿಗಿಂತ ನಾಲ್ಕು ಇಂಚು ಎತ್ತರ. ಪೊವೆಟ್ಕಿನ್ ತಲೆ ತಗ್ಗಿಸಿ ಒಳಗೆ ಬರುತ್ತಿದ್ದ. ಕ್ಲಿಚ್ಕೊ ಜ್ಯಾಬ್ ಹೊಡೆದು, ಹಿಡಿದು, ಮೇಲೆ ಒರಗಿ ಕೆಳಗೆ ಒತ್ತುತ್ತಿದ್ದ. ರೆಫರಿ ಬಿಡಿಸುತ್ತಿದ್ದ. ಮತ್ತೆ ಅದೇ. ಇದಕ್ಕಾಗಿ ಅಂಕ ಕಡಿದದ್ದು ಹನ್ನೊಂದನೇ ರೌಂಡ್‌ನಲ್ಲಿ! ಅಷ್ಟರಲ್ಲಿ ಪೊವೆಟ್ಕಿನ್ ನಾಲ್ಕು ಸಲ ನೆಲ ಕಂಡಿದ್ದ. ಮೂವರೂ ತೀರ್ಪುಗಾರರು 119-104 ಕೊಟ್ಟರು. ಕ್ಲಿಚ್ಕೊ ಅವನಿಗಿಂತ ಒಳ್ಳೆಯ ಬಾಕ್ಸರ್, ಅದರಲ್ಲಿ ನನಗೆ ಅನುಮಾನ ಇಲ್ಲ. ಆ ರಾತ್ರಿ ನಿಯಮದ ಪ್ರಕಾರವೇ ಗೆಲ್ಲಬಹುದಿತ್ತು. ಹಾಗೆ ಗೆಲ್ಲುವಂತೆ ಅವನನ್ನು ಯಾರೂ ಒತ್ತಾಯಿಸಲಿಲ್ಲ, ಅದೇ ನನ್ನ ಬೇಸರ. 2020ರ ಫೆಬ್ರವರಿಯಲ್ಲಿ ಫ್ಯೂರಿ 273 ಪೌಂಡ್ ಹೊತ್ತು ತಂದು ಡಿಯೊಂಟೇ ವೈಲ್ಡರ್ ಮೇಲೆ ಒರಗಿದ್ದೂ ಇದೇ ಲೆಕ್ಕಾಚಾರದಲ್ಲಿ. ವೈಲ್ಡರ್ ಎತ್ತರದಲ್ಲಿ ಕಡಿಮೆಯೇನಿಲ್ಲ, ಆದರೆ ತೂಕ 231 ಅಷ್ಟೇ. ಏಳನೇ ರೌಂಡ್‌ಗೆ ವೈಲ್ಡರ್ ಕಡೆಯವರು ಸೋಲೊಪ್ಪಿ ಟವೆಲ್ ಎಸೆದರು.

ಇಂಥದ್ದಕ್ಕೆ ಬೆಲ್ಟ್ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಸಿ ಕಂಡುಕೊಂಡ ಪರಿಹಾರ ಹೊಸ ವಿಭಾಗ. 2020ರಲ್ಲಿ ಬ್ರಿಡ್ಜರ್‌ವೇಟ್ ಅಂತ ಘೋಷಿಸಿತು. 200ರಿಂದ 224 ಪೌಂಡ್. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಂದು ಲೆಕ್ಕ ನೋಡಿ. ಜೋಶುವಾನನ್ನು ಮೊದಲ ಸಲ ಸೋಲಿಸಿದ ದಿನ ಉಸಿಕ್ 221 ಪೌಂಡ್. ಫ್ಯೂರಿಯನ್ನು ಮೊದಲ ಸಲ ಸೋಲಿಸಿದಾಗ ಇನ್ನೂರಿಪ್ಪತ್ಮೂರೂವರೆ. ಎರಡೂ ಬ್ರಿಡ್ಜರ್‌ವೇಟ್ ಮಿತಿಯೊಳಗೇ! ಆ ವಿಭಾಗ ಕಡ್ಡಾಯ ಆಗಿದ್ದರೆ ಈ ಶತಮಾನದ ಶ್ರೇಷ್ಠ ಹೆವಿವೇಟ್ ಅಂತ ನಾನು ಎದೆ ತಟ್ಟಿ ಹೇಳೋ ಮನುಷ್ಯನಿಗೆ 'ನೀನು ಇಲ್ಲೇ ಇರು, ಅಲ್ಲಿ ದೊಡ್ಡವರು ಆಡ್ತಾರೆ' ಅಂತ ಹೇಳಿ ಕೂರಿಸುತ್ತಿದ್ದರು. ಚಿಕ್ಕವನನ್ನು ಕಾಪಾಡುವ ಹೆಸರಲ್ಲಿ ಅವನ ಎದುರಿನ ಬಾಗಿಲು ಹಾಕಿದ ಹಾಗೆ.

ಹಾಗಂತ ತೂಕದ ವಿಭಾಗಗಳೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಮೈಸೂರು ದಸರಾ ಕುಸ್ತಿಯಲ್ಲೂ ಜೋಡಿ ಕಟ್ಟುವಾಗ ಪೈಲ್ವಾನರನ್ನು ಸರಿಜೋಡಿ ನೋಡಿಯೇ ಕಟ್ಟುತ್ತಾರೆ. ಒಲಿಂಪಿಕ್ಸ್‌ನಲ್ಲಿ 91 ಕೆಜಿ ಮೇಲಿನವರಿಗೆ 1984ರಲ್ಲಿ ಸೂಪರ್ ಹೆವಿವೇಟ್ ವಿಭಾಗ ಬಂತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಉಸಿಕ್ ಹೆವಿವೇಟ್ ಚಿನ್ನ, ಜೋಶುವಾ ಸೂಪರ್ ಹೆವಿವೇಟ್ ಚಿನ್ನ ಗೆದ್ದರು. ಅಲ್ಲಿ ಆ ವಿಂಗಡಣೆ ಸರಿ. ಮೂರೇ ರೌಂಡ್‌ನ ಆಟ. ದೊಡ್ಡವನನ್ನು ದಣಿಸೋಕೆ ಚಿಕ್ಕವನಿಗೆ ಹೊತ್ತೇ ಸಿಗಲ್ಲ. ಬಾಕ್ಸರ್‌ಗಳೂ ಹುಡುಗರು. ಹನ್ನೆರಡು ರೌಂಡ್‌ನ ವೃತ್ತಿಪರ ಪಂದ್ಯದಲ್ಲಿ ಆ ಹೊತ್ತು ಇದೆ. ಅಲ್ಲಿ ಅನುಭವ ಇರುವ ಗಂಡಾಳು 'ನಾನು ಹೋಗ್ತೀನಿ' ಅಂದರೆ ಅವನನ್ನು ತಡೆಯೋ ಹಕ್ಕು ತಕ್ಕಡಿಗಿಲ್ಲ. ಅನುಭವ ಇಲ್ಲದವನನ್ನು ದುಡ್ಡಿಗಾಗಿ ದೈತ್ಯನ ಮುಂದೆ ನಿಲ್ಲಿಸೋದು ಬೇರೆ ವಿಷಯ. ಅದನ್ನು ಪರವಾನಗಿ ಕೊಡುವವರೇ ತಡೆಯಬೇಕು, ತೂಕ ಏನೇ ಇರಲಿ.

ಹೊಸ ಬೆಲ್ಟ್ ಹುಟ್ಟಿಸುವುದರ ಬದಲು ಇರುವ ನಿಯಮ ನಡೆಸಿ ಅನ್ನೋದೇ ನಾನು ಕೇಳೋದು. ಹಿಡಿಯೋದು, ಕತ್ತಿನ ಮೇಲೆ ಒರಗೋದು, ತಲೆ ಕೆಳಗೆ ಒತ್ತೋದು, ಎಲ್ಲವೂ ಈಗಲೂ ನಿಯಮದ ಪ್ರಕಾರ ಫೌಲ್. ಮೊದಲ ರೌಂಡ್‌ನಲ್ಲಿ ಒರಗಿದರೆ ಮೊದಲ ರೌಂಡ್‌ನಲ್ಲೇ ಎಚ್ಚರಿಕೆ ಕೊಡಲಿ. ಮತ್ತೆ ಮಾಡಿದರೆ ಎರಡನೇ ರೌಂಡ್‌ನಲ್ಲೇ ಅಂಕ ಹೋಗಲಿ. ದೊಡ್ಡ ಹೆಸರು, ದೊಡ್ಡ ಬೆಲ್ಟ್, ಸ್ವಂತ ಊರಿನ ಜನ, ಯಾವುದನ್ನೂ ನೋಡಬಾರದು. ಹನ್ನೊಂದನೇ ರೌಂಡ್‌ನಲ್ಲಿ ಕಡಿದ ಅಂಕದಿಂದ ಪೊವೆಟ್ಕಿನ್‌ಗೆ ಏನೂ ಸಿಗಲಿಲ್ಲ. ಎರಡನೇ ರೌಂಡ್‌ನಲ್ಲಿ ಕಡಿದಿದ್ದರೆ ಕ್ಲಿಚ್ಕೊ ಮುಂದಿನ ಹತ್ತು ರೌಂಡ್ ಹಿಡಿಯೋದು ಬಿಟ್ಟು ಬಾಕ್ಸಿಂಗ್ ಮಾಡಬೇಕಾಗುತ್ತಿತ್ತು.