ಪುಣೆದಾಗ ಮನಿ ತಗೊಳ್ಳೋರು ಮೊದಲ ನೀರು ನೋಡ್ರಿ

ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಕಡಿ ಹುಡುಗ್ರು ಇನ್‌ಬಾಕ್ಸ್‌ನ್ಯಾಗ ಬಂದು ಒಂದ ಪ್ರಶ್ನೆ ಕೇಳ್ತಾರ, "ಅಣ್ಣಾ, ವಾಕಡ್ ಚಲೋನೋ ಬಾಣೇರ್ ಚಲೋನೋ?" ಆ ಬಿಲ್ಡಿಂಗಿಗೆ ನೀರು ಎಲ್ಲಿಂದ ಬರ್ತದೋ ತಮ್ಮಾ ಅಂತ ನಾ ತಿರುಗಿ ಕೇಳಿದ್ರ ಸುಮ್ನಾಗ್ತಾರ. ಸ್ವಿಮ್ಮಿಂಗ್ ಪೂಲ್ ಎಷ್ಟನೇ ಮಹಡಿ ಮ್ಯಾಲ ಅದ ಅನ್ನೂದು ಮಾತ್ರ ಬಾಯಿಪಾಠ.

ನನ್ನ ಕೇಳಿದ್ರ ಸ್ಕೂಲು, ಮೆಟ್ರೋ, ಮಾಲು ಎಲ್ಲಾ ಆಮ್ಯಾಲ. 2017ರಾಗ 11 ಹಳ್ಳಿ, 2021ರಾಗ ಮತ್ತ 23 ಹಳ್ಳಿ ಪುಣೆ ಮಹಾನಗರಪಾಲಿಕೆಗೆ ಸೇರಿದ್ವು, ಸೂಸ್, ಮ್ಹಾಳುಂಗೆ, ವಾಘೋಲಿ ಎಲ್ಲಾ ಹಂಗ ಒಳಗ ಬಂದಿದ್ದು. ಪಾಲಿಕೆ ಬೋರ್ಡ್ ಲಗೂನ ಬಂತು, ನೀರಿನ ಪೈಪ್ ಬರಲಿಲ್ಲ. ಪಾಲಿಕೆ ನೀರು ಬರೂತನಕ ನಾವ ಕೊಡ್ತೀವಿ ಅಂತ ಬಿಲ್ಡರ್ ಪರ್ಮಿಶನ್ ತಗೊಳ್ಳೋವಾಗ ಬರದುಕೊಟ್ಟಿರ್ತಾನ, ಆದ್ರ ಪೊಸೆಶನ್ ಆಗಿ ಸೊಸೈಟಿ ಕೈಗೆ ಬಂತಂದ್ರ ಆ ಟ್ಯಾಂಕರ್ ಬಿಲ್ಲು ಮೆಲ್ಲಕ ನಿಮ್ಮ ಮೇಂಟೆನೆನ್ಸ್‌ನ್ಯಾಗ ಬಂದು ಕೂಡ್ತದ. ಅದಕ್ಕ ಸ್ಯಾಂಪಲ್ ಫ್ಲ್ಯಾಟ್ ನೋಡೂದು ಬಿಟ್ಟು ಬಾಜೂಕ ನಾಕೈದು ವರ್ಷದ ಹಳೇ ಸೊಸೈಟಿ ಇದ್ರ ಅಲ್ಲಿ ಹೋಗ್ರಿ, ಲಿಫ್ಟ್ ಹತ್ರ ನೋಟಿಸ್ ಬೋರ್ಡ್ ಓದ್ರಿ, ಏಪ್ರಿಲ್ ಮೇ ತಿಂಗಳ ಟ್ಯಾಂಕರ್ ಖರ್ಚು ಎಷ್ಟಾತು ಅಂತ ಸೆಕ್ರೆಟರಿಗೆ ಕೇಳ್ರಿ. ಅಲ್ಲೇ ಹೊರಗಿನ ನಳ ಒಂದು ನೋಡ್ರಿ, ಬಾಯಿಗೆ ಸುಣ್ಣದಂಗ ಬೆಳ್ಳಗ ಕಟ್ಟಿದ್ರ ಅದು ಬೋರ್‌ವೆಲ್ ಗಡಸು ನೀರು. ಗೀಝರ್, ವಾಷಿಂಗ್ ಮಷೀನ್ ಗತಿ ಏನಾಗ್ತದ ಅಂತ ಬ್ಯಾರೆ ಹೇಳಬೇಕಿಲ್ಲ.

ಇನ್ನ ನೀರು ಹೆಚ್ಚಾಗೋ ಕಥಿ. 2019ರ ಸೆಪ್ಟೆಂಬರ್‌ನ್ಯಾಗ ಒಂದ ರಾತ್ರಿ ಅಂಬಿಲ್ ಓಢಾ ಅನ್ನೋ ಹಳ್ಳ ಉಕ್ಕಿ ಸಹಕಾರನಗರ, ಅರಣ್ಯೇಶ್ವರ ಕಡಿ ಸೊಸೈಟಿ ಗ್ವಾಡಿನ ಕಿತ್ತಕೊಂಡು ಹೋತು, ಆ ಮಳ್ಯಾಗ ಪುಣೆ ಸುತ್ತಮುತ್ತ 20ಕ್ಕೂ ಹೆಚ್ಚು ಮಂದಿ ಸತ್ರು. 2024ರ ಜುಲೈದಾಗ ಖಡಕ್‌ವಾಸಲಾ ಡ್ಯಾಮ್ ನೀರು ಬಿಟ್ಟಾಗ ಸಿಂಹಗಡ ರೋಡಿನ ಏಕತಾ ನಗರಿಯೊಳಗ ಬೋಟ್ ತಂದು ಮಂದೀನ ಹೊರಗ ತಗದ್ರು. ನದಿಗೆ ಬ್ಲೂ ಲೈನ್, ರೆಡ್ ಲೈನ್ ಅಂತ ಇರ್ತಾವು, ಬ್ಲೂ ಅಂದ್ರ 25 ವರ್ಷಕ್ಕೊಮ್ಮೆ ಬರಬಹುದಾದ ಮಹಾಪೂರದ ಗೆರಿ, ರೆಡ್ ಅಂದ್ರ 100 ವರ್ಷದ್ದು. ನಿಮ್ಮ ಪ್ಲಾಟ್ ಎಲ್ಲಿ ಬರ್ತದ ಅಂತ ಡೆವಲಪ್‌ಮೆಂಟ್ ಪ್ಲ್ಯಾನ್ ನಕ್ಷಾದಾಗ ನೋಡಸ್ರಿ. "ರಿವರ್ ವ್ಯೂ" ಅಂತ ಜಾಸ್ತಿ ರೇಟ್ ಹಚ್ಚತಾರಲ್ಲ, ಅಂಥಲ್ಲೆ ಅಂತೂ ನೋಡಸ್ಲೇಬೇಕು.

2025ರ ಜನವರಿದಾಗ ನಾಂದೇಡ್ ಗಾಂವ್, ಕಿರ್ಕಟ್‌ವಾಡಿ ಕಡಿ ಜಿಬಿಎಸ್ ಅನ್ನೋ ನರದ ರೋಗ ಹಬ್ಬಿದಾಗ ಮೊದಲ ಸಂಶಯ ಬಂದಿದ್ದೂ ಕುಡಿಯೋ ನೀರಿನ ಮ್ಯಾಲ.

ಭಾನುವಾರ ಮುಂಜಾನೆ ಸೈಟ್ ವಿಸಿಟ್‌ಗೆ ಕರೀತಾರ, ರೋಡ್ ಖಾಲಿ ಇರ್ತದ ನೋಡ್ರಿ, ಐಟಿ ಕಂಪನಿ ಇರೋ ಹಿಂಜೆವಾಡಿಯಿಂದ ಹದಿನೈದ ನಿಮಿಷ ಸರ್ ಅಂತಾರ. ನೀವು ಮಂಗಳವಾರ ಸಂಜಿ ಮಳ್ಯಾಗ ಹೋಗ್ರಿ. ಗೇಟಿನ ವಾಚ್‌ಮನ್, ಇಲ್ಲಾ ಪಕ್ಕದ ಸೈಟಿನ ಗೌಂಡಿ, ಯಾರಾರೆ ಒಬ್ರು ಕಲಬುರಗಿ, ಯಾದಗಿರಿ ಕಡಿಯವ್ರು ಸಿಕ್ಕೇ ಸಿಗ್ತಾರ. "ಯಾವೂರ್ರಿ ಕಾಕಾ ನಿಮ್ಮದು?" ಅಂತ ಕನ್ನಡದಾಗ ಮಾತಾಡಸ್ರಿ ಸಾಕು, ದಿನಕ್ಕ ಎಷ್ಟು ಟ್ಯಾಂಕರ್ ಬರ್ತಾವು, ಹ್ವಾದ ವರ್ಷ ಪಾರ್ಕಿಂಗ್‌ದಾಗ ಮಳಿ ನೀರು ಮೊಣಕಾಲಮಟ ನಿಂತಿತ್ತೋ ಇಲ್ಲೋ ಎಲ್ಲಾ ಹೇಳ್ತಾರ. ಬ್ರೋಕರ್ ಜನ್ಮದಾಗ ಹೇಳಂಗಿಲ್ಲ.

ರೇರಾ (ಬಿಲ್ಡರ್‌ಗಳ ಮ್ಯಾಲ ನಿಗಾ ಇಡೋ ಸರ್ಕಾರಿ ಪ್ರಾಧಿಕಾರ) ನಂಬರ್ ಅದ ಅಲ್ಲ ಅಣ್ಣಾ ಅಂತೀರಿ. ಇರಬೇಕು, ಮಹಾರೇರಾ ವೆಬ್‌ಸೈಟಿನ್ಯಾಗ ಕಾರ್ಪೆಟ್ ಏರಿಯಾ, ಮುಗಿಸೋ ತಾರೀಖು ಎಲ್ಲಾ ನೋಡ್ಕೋರಿ, ಆದ್ರ ಮೇ ತಿಂಗಳದಾಗ ನಳಕ್ಕ ಏನು ಬರ್ತದ ಅಂತ ಆ ನಂಬರ್ ಹೇಳೂದಿಲ್ಲ. ನಮ್ಮ ಮಂದಿ ಹತ್ರ ಇರಬೇಕು, ಎರಂಡವಣೆದಾಗ ಕನ್ನಡ ಸಂಘದ ಸಾಲಿ ಬಾಜೂಕ ಸಿಕ್ರ ಚಲೋ ಅಂತ ಅವ್ವಂದಿರಿಗೆ ಆಸೆ, ಅಲ್ಲಿ ರೇಟ್ ಕೇಳಿದ್ರ ಅವ್ವನೂ ವಾಕಡ್ ಅಂತಾಳ.

ಈ ವಾರ ಟೋಕನ್ ಕೊಡದಿದ್ರ ರೇಟ್ ಏರ್ತದ ಅಂತ ಸೇಲ್ಸ್ ಹುಡುಗ ದಿನಾ ಫೋನ್ ಮಾಡ್ತಾನ. ಏರಿದ್ರ ಏರ್ಲಿ ಬಿಡ್ರಿ. ಒಂದ ಮೇ, ಒಂದ ಜುಲೈ ನೋಡಿ ಆಮ್ಯಾಲ ಚೆಕ್ ಬರೀರಿ.