ಗೆರೆ ಇಳಿಯಿತು, ಮೀನು ಏರಿತು

ಕೆನಡಾದ ಮೀನುಗಾರಿಕೆ ಇಲಾಖೆಗೆ ಒಂದು ಉದ್ದಂಡ ನಮಸ್ಕಾರ. ಅಲ್ಲಿನ ಪೂರ್ವ ಕರಾವಳಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಾಡ್ ಮೀನಿಗೆ 2023ರಲ್ಲಿ, ಮೀನಿನ ಸಂಖ್ಯೆ ಅಳೆಯುವ ಇಲಾಖೆಯ ಪಟ್ಟಿಯಲ್ಲಿ, ‘ಗಂಭೀರ’ದಿಂದ ‘ಎಚ್ಚರಿಕೆ’ಗೆ ಬಡ್ತಿ ಸಿಕ್ಕಿತಲ್ಲ, ಅದಕ್ಕೆ ಕಡಲಲ್ಲಿ ಒಂದು ಮೀನೂ ಹೆಚ್ಚಬೇಕಾಗಲಿಲ್ಲ. 1954ರಿಂದೀಚಿನ ಹಳೇ ಲೆಕ್ಕ ಸೇರಿಸಿ, ಮೀನು ಇಷ್ಟಕ್ಕಿಂತ ಕಡಿಮೆಯಾದರೆ ‘ಗಂಭೀರ’ ಎನ್ನುವ ಅಪಾಯದ ಗೆರೆಯನ್ನೇ ಕೆಳಗಿಳಿಸಿದರು. ಹಾಗೆ ನೋಡಿದರೆ 2016ರಿಂದಲೇ ಬಡ್ತಿ ಆಗಿತ್ತಂತೆ! ಏಳು ವರ್ಷ ಐಸಿಯುನಲ್ಲಿ ಮಲಗಿಸಿ, ‘ನೀವು ಆಗಲೇ ವಾರ್ಡಿಗೆ ಬಂದಿದ್ದಿರಿ’ ಅಂದ ಹಾಗೆ.

ಆ ದಂಡೆಯ ಹಳೇ ವರ್ತಕರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಅವರ ಕ್ವಿಂಟಾಲ್ 112 ಪೌಂಡ್, ಅಂದರೆ ಐವತ್ತು ಕಿಲೋ ಚಿಲ್ಲರೆ. ನಮ್ಮ ಮಂಡಿಯ ಕ್ವಿಂಟಾಲಿನ ಅರ್ಧ. ತೋಳ್ತುಂಬ ತಬ್ಬಿ ಎತ್ತಿದಷ್ಟು ಒಣಮೀನು ಒಂದು ‘ಯಾಫಲ್’. ಯಾರ ತೋಳು ಅಂತ ಕೇಳಬಾರದು.

ತಕ್ಕಡಿ ನೆಟ್ಟಗಿದ್ದರೂ ಮೀನುಗಾರನಿಗೆ ಕಷ್ಟ ತಪ್ಪುತ್ತಿರಲಿಲ್ಲ. ತಲೆ, ಬೆನ್ನೆಲುಬು ತೆಗೆದು, ಉಪ್ಪು ಹಾಕಿ, ತೊಳೆದು, ಮರದ ಅಟ್ಟಣೆಯ ಮೇಲೆ ಹಗಲು ಮಾಂಸ ಮೇಲಾಗಿ ಹರವಬೇಕು, ಸಂಜೆ ಚರ್ಮ ಮೇಲಾಗಿ ಒಟ್ಟಬೇಕು. ಬಿಸಿಲು ಜೋರಾದರೆ ಮಾಂಸ ಬೆಂದು ಬಿರಿಯುತ್ತದೆ. ಉಪ್ಪು ಹೆಚ್ಚಾದರೆ ಸುಡುತ್ತದೆ. ತೇವ ಉಳಿದರೆ ಲೋಳೆ, ದರ್ಜೆ ಹೋಯಿತು. ಕಟಕಟ ಒಣಗಿಸಿದರೆ ತೂಕ ಹೋಯಿತು. ಎರಡರಲ್ಲೂ ನಷ್ಟ ಒಣಗಿಸಿದವನದೇ.

ಆಮೇಲೆ ದರ್ಜೆಗಾರ ಬರುತ್ತಾನೆ, ವರ್ತಕರ ಸಂಬಳದವನು. ಒಂದೊಂದೇ ಮೀನು ಎತ್ತಿ ನೋಡಿ ಎಸೆಯುತ್ತಾನೆ: ಇದು ಮರ್ಚೆಂಟಬಲ್, ಇದು ಮಡೀರಾ, ಇದು ವೆಸ್ಟ್ ಇಂಡಿಯಾ. ಈ ಕೊನೆಯ ಕಳಪೆ ಮಾಲು ಕೆರಿಬಿಯನ್ ಕಬ್ಬಿನ ತೋಟಗಳ ಗುಲಾಮರ ತಟ್ಟೆಗೆ. ದರ್ಜೆಯ ರಗಳೆ ಬೇಡವೆಂದರೆ ‘ಟಾಲ್ ಕ್ವಾಲ್’, ಒಳ್ಳೆಯದು ಕೆಟ್ಟದ್ದು ಎಲ್ಲಕ್ಕೂ ಒಂದೇ ರೇಟು. ಚೆನ್ನಾಗಿ ಒಣಗಿಸಿದವನು ಪೆದ್ದ. ಬೆಲೆ ಗೊತ್ತಾಗುವುದು ಶರತ್ಕಾಲದಲ್ಲಿ, ಅಷ್ಟರಲ್ಲಿ ವಸಂತದಲ್ಲಿ ವರ್ತಕನಿಂದ ತಂದ ಹಿಟ್ಟು, ಉಪ್ಪು, ಹಗ್ಗದ ಸಾಲ ಖಾತೆ ಏರಿರುತ್ತದೆ. ಕಾಸು ಕಣ್ಣಿಗೆ ಬೀಳುವುದೇ ಅಪರೂಪ. 1908ರಲ್ಲಿ ವಿಲಿಯಂ ಕೋಕರ್ ಮೀನುಗಾರರ ಸಂಘ ಕಟ್ಟಿ, ದರ್ಜೆಗೆ ಒಂದೇ ನಿಯಮ ಇರಲಿ ಅಂತ ಕೇಳಿದ್ದು ಸುಮ್ಮನಲ್ಲ.

1968ರಲ್ಲಿ ಎಂಟು ಲಕ್ಷ ಟನ್ ಕಾಡ್ ಬಾಚಿದರು, ಬಹುಪಾಲು ಯುರೋಪಿನ ದೈತ್ಯ ಟ್ರಾಲರ್‌ಗಳು. ಆಗ ಯಾವ ಗೆರೆಯೂ ಅಡ್ಡ ಬರಲಿಲ್ಲ. 1992ರ ಜುಲೈ 2ರಂದು ಎರಡು ವರ್ಷಕ್ಕೆಂದು ಕಾಡ್ ಮೀನುಗಾರಿಕೆಗೇ ಬಾಗಿಲು ಹಾಕಿದರು. ಸುಮಾರು ಮೂವತ್ತು ಸಾವಿರ ಜನರ ಕೆಲಸ ಹೋಯಿತು, ಊರುಗಳು ಖಾಲಿಯಾದವು. ಆ ಎರಡು ವರ್ಷ ಮುಗಿದದ್ದು 2024ರಲ್ಲಿ. ನಾಚಿಕೆಯಾಗಬೇಕು.

ಈಗ ಮನೆಯೂಟಕ್ಕೆ ಹಿಡಿಯುವವನಿಗೆ ದಿನಕ್ಕೆ 5 ಮೀನು, ದೋಣಿಗೆ ಹೆಚ್ಚೆಂದರೆ 15. ನಾಲ್ಕನೆಯವನು ಬೇಕಿದ್ದರೆ ಹುಟ್ಟು ಹಾಕಬಹುದು.